ಮುಚ್ಚದೆ ಬಿಟ್ಟ ರಸ್ತೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ತಂದವಳು ಕಟ್ಟಡ ಕಂಪನಿಯೊಂದರ ನಕ್ಷೆ ಇಂಜಿನಿಯರು. ಊರಿನ ರಸ್ತೆಗಳು ಒಂದಕ್ಕೊಂದು ಹೇಗೆ ಕೂಡುತ್ತವೆಂದು ಕಂಪ್ಯೂಟರಿನಲ್ಲಿ ಹೆಣೆದು, ಯಾವ ಜಾಗಕ್ಕೆ ಹೆಚ್ಚು ಜನ ಬೇಗ ಬಂದು ಮುಟ್ಟುತ್ತಾರೋ ಅಲ್ಲಿ ಮಳಿಗೆ ಕಟ್ಟಿ ಎಂದು ಹೇಳುವುದು ಅವಳ ಕೆಲಸ.

"ಯಾರೋ ಸುಳ್ಳು ಬೋರ್ಡು ನೆಟ್ಟು ರಸ್ತೆ ಮುಚ್ತಿದಾರೆ ಸರ್."

"ಅದರಿಂದ ನಿಮಗೇನಮ್ಮ ನಷ್ಟ?" ಎಂದ ಇನ್ಸ್‌ಪೆಕ್ಟರ್.

"ಮುಚ್ಚಿದ ರಸ್ತೆ ಕಂಪ್ಯೂಟರಿನ ಲೆಕ್ಕಕ್ಕೆ ಇಲ್ಲದ ಹಾಗೇ ಸರ್. ನನ್ನ ನಕ್ಷೇಲಿ ಮೊದಲನೇ ಸ್ಥಾನದಲ್ಲಿದ್ದ ಮೂಲೆ ಸೈಟು ಪಾತಾಳಕ್ಕೆ ಬಿದ್ದಿದೆ. ನಾನೇ ಯಾರಿಂದಲೋ ಕೈ ಬೆಚ್ಚಗೆ ಮಾಡ್ಕೊಂಡು ತಿದ್ದಿದೀನಿ ಅಂತಾರೆ ನಮ್ಮ ಬಾಸ್. ಸತ್ಯ ಹೊರಗೆ ಬರದಿದ್ರೆ ಕೆಲಸ ಹೋಯ್ತು. ಮರ್ಯಾದೆನೂ."

ನಕಲಿ ಮೊಹರಿನ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಹೊರಟ. ಮೂರು ಕೂಡುರಸ್ತೆಗಳಲ್ಲಿ ಮೂರು ಹಳದಿ ಬೋರ್ಡು: 'ಕಾಮಗಾರಿ ನಡೆದಿದೆ, ಪ್ರವೇಶವಿಲ್ಲ.' ಕೆಳಗೆ ಪಾಲಿಕೆಯ ಮೊಹರು. ಒಂದು ಗುದ್ದಲಿ ಏಟೂ ಬಿದ್ದಿರಲಿಲ್ಲ. ಆದರೂ ಜನ ಬೈದುಕೊಳ್ಳುತ್ತಾ ಸುತ್ತು ಹೊಡೆಯುತ್ತಿದ್ದರು. ಪಾಲಿಕೆಯ ಕಚೇರಿಯಲ್ಲಿ ಕೇಳಿದರೆ, "ನಮ್ಮ ವಿಭಾಗದ್ದಲ್ಲ ಸರ್, ಪಕ್ಕದ ವಿಭಾಗದ್ದಿರಬೇಕು" ಎಂದು ಐದು ಮೇಜಿನವರೂ ಅಂದರು.

"ಅಗೆಯದ ರಸ್ತೆಗೆ ಬೋರ್ಡು ಹಾಕೋದು ಇವರಿಗೆ ಹೊಸದಾ ಸಾರ್?" ದಫೇದಾರ ಹಲ್ಲು ಕಡಿದ. "ಕಳ್ಳ ಇವರನ್ನ ಚೆನ್ನಾಗಿ ಓದ್ಕೊಂಡಿದಾನೆ."

ಪಂಚನಾಮೆ ಮುಗಿಸಿ ಬೋರ್ಡುಗಳನ್ನು ಠಾಣೆಗೆ ತಂದಾಗ ಇಂಜಿನಿಯರು ಲ್ಯಾಪ್‌ಟಾಪ್ ತೆರೆದು ಕಾದಿದ್ದಳು. ಅವಳು ಒಂದು ರಸ್ತೆಯನ್ನು ಅಳಿಸಿದರೆ ಅರ್ಧ ಊರಿನ ಬಣ್ಣ ಬದಲಾಗುತ್ತಿತ್ತು. ಇಷ್ಟು ವರ್ಷ ಜೀಪಿನಲ್ಲಿ ಸುತ್ತಿದ ಊರನ್ನು ಇನ್ಸ್‌ಪೆಕ್ಟರ್ ಈಗ ಮೊದಲ ಸಲ ನೋಡುತ್ತಿರುವವನಂತೆ ಬಾಗಿ ನೋಡಿದ.

"ಊರಿನ ನಾಡಿ ಹಿಡಿದು ನೋಡ್ತೀರಲ್ಲಮ್ಮ!"

"ನಾನಲ್ಲ ಸರ್, ಈ ಬೋರ್ಡು ನೆಟ್ಟವನು." ಅವಳ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚಿತ್ತು. "ಊರಲ್ಲಿ ಸಾವಿರಾರು ಗಲ್ಲಿ ಇವೆ. ಸೈಟನ್ನ ಬೀಳಿಸೋಕೆ ಬೇಕಾದ ಮೂರನ್ನೇ ಹೆಕ್ಕಿದಾನೆ. ಆದ್ರೆ ಒಂದು ಅರ್ಥ ಆಗ್ತಿಲ್ಲ."

"ಏನು?"

"ಇದು, ಆಸ್ಪತ್ರೆ ರಸ್ತೆ. ಇದೊಂದನ್ನ ಮುಚ್ಚಿದ್ರೆ ಸಾಕಿತ್ತು. ಇಷ್ಟು ತಿಳಿದವನಿಗೆ ಅದು ಕಾಣ್ಲಿಲ್ವಾ?"

ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದ. "ಕಂಡಿದೆ. ಮುಚ್ಚೋಕೆ ಕೈ ಬಂದಿಲ್ಲ. ಆ ಮೂಲೆ ಸೈಟಲ್ಲಿ ಈಗ ಏನಿದೆ?"

"ಖಾಲಿ ಅಂತ ಇದೆ ನನ್ನ ನಕ್ಷೇಲಿ."

"ಖಾಲಿನಾ? ಅಲ್ಲಿ ತಗಡಿನ ಶೆಡ್ಡಿದೆ ಕಣಮ್ಮ," ಎಂದ ದಫೇದಾರ. "ಆಂಬುಲೆನ್ಸ್ ನಿಲ್ಲೋ ಜಾಗ."

ಮರುದಿನ ಮಧ್ಯಾಹ್ನ ಅವರ ಜೊತೆ ಅವಳೂ ಜೀಪು ಹತ್ತಿದಳು.

ಶೆಡ್ಡಿನ ಹಿಂದಿನ ಕೋಣೆಯೇ ಆಂಬುಲೆನ್ಸ್ ಕಂಟ್ರೋಲ್ ರೂಮು. ಯಾವ ಗಾಡಿ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಅದರ ಮುಖ್ಯಸ್ಥನನ್ನು ಚಾಲಕರು ದೊಡ್ಡಣ್ಣ ಎನ್ನುತ್ತಿದ್ದರು. ಅವನ ಕಂಪ್ಯೂಟರಿನ ಪರದೆ ನೋಡಿ ಇಂಜಿನಿಯರು ಬಾಗಿಲಲ್ಲೇ ನಿಂತಳು. ಅದೇ ಹೆಣಿಗೆ, ಅವೇ ಬಣ್ಣ, ನಟ್ಟನಡುವೆ ಅದೇ ಮೂಲೆ ಸೈಟು.

ಬೀರುವಿನ ಹಿಂದೆ ಹಳದಿ ಬಣ್ಣದ ಡಬ್ಬ, ಅಕ್ಷರ ಕೊರೆದ ತಗಡು, ರಬ್ಬರ್ ಮೊಹರು ಸಿಕ್ಕವು. ದಫೇದಾರ ಪಂಚರನ್ನು ಕರೆಸಿ ಜಪ್ತಿ ಮಾಡಿದ.

"ಬೋರ್ಡು ನಿಮ್ದೇನಾ?" ಎಂದು ಇನ್ಸ್‌ಪೆಕ್ಟರ್ ದೊಡ್ಡಣ್ಣನನ್ನು ಕೇಳಿದ.

"ನಂದೇ ಸಾರ್. ಹುಡುಗರದೇನೂ ತಪ್ಪಿಲ್ಲ."

"ಹೇಳಿ ಕೇಳಿ ಆಂಬುಲೆನ್ಸಿನವರು. ನೀವೇ ದಾರಿ ಮುಚ್ಚೋದಾ?"

"ಗಾಡಿ ಹೋಗೋವಷ್ಟು ಸಂದಿ ಬಿಟ್ಟೇ ನೆಟ್ಟಿದ್ದೆ. ನಮ್ಮವರು ನುಗ್ಗಿ ಹೋಗ್ತಿದ್ರು."

"ಆಸ್ಪತ್ರೆ ರಸ್ತೆ?"

ದೊಡ್ಡಣ್ಣ ತಲೆಯಾಡಿಸಿದ. "ಅಲ್ಲಿ ಜನಾನೇ ಗಾಡಿ, ಆಟೋ ಅಂತ ಸಿಕ್ಕಿದ್ರಲ್ಲಿ ರೋಗೀನ ತರ್ತಾರೆ. ಬೋರ್ಡು ನೋಡಿ ಒಬ್ಬ ತಿರುಗಿ ಹೋದ್ರೂ..."

ಸೈಟು ಪಾಲಿಕೆಯದು. ಅದು ಕಂಪನಿಗೆ ಹೋಗುತ್ತದೆ, ಶೆಡ್ಡು ರೈಲ್ವೆ ಗೇಟಿನ ಆಚೆಗೆ ಹೋಗುತ್ತದೆ ಎಂದು ತಿಳಿದ ದಿನದಿಂದ ಅವನು ಕಚೇರಿಯ ಮೆಟ್ಟಿಲು ತುಳಿದು ತುಳಿದು ಸೋತಿದ್ದ. ಸಾಹೇಬರಿಗೆ ಪುರುಸೊತ್ತಿರಲಿಲ್ಲ. ಕಂಪನಿಯವರು ಬಂದರೆ ಮಾತ್ರ ಅದೇ ಸಾಹೇಬರಿಗೆ ಎಲ್ಲಿಲ್ಲದ ಪುರುಸೊತ್ತು. ಲೆಕ್ಕದಲ್ಲಿ ಸೈಟು ಕೆಳಗೆ ಬಿದ್ದರೆ ಕಂಪನಿಯೇ ಬೇಡವೆಂದು ಬಿಟ್ಟೀತು ಎಂದು ಕೊನೆಗೆ ಬೋರ್ಡು ನೆಟ್ಟಿದ್ದ.

ಆಗ ಇಂಜಿನಿಯರು ಮೆಲ್ಲಗೆ ಕೇಳಿದಳು. "ಈ ಜಾಗ ಹೇಗೆ ಸಿಕ್ತು ನಿಮಗೆ?"

"ನಿಮಗೆ ಸಿಕ್ಕ ಹಾಗೇ ಕಣಮ್ಮ. ಲೆಕ್ಕ ಒಂದೇ. ಎಷ್ಟು ಜನ ಬೇಗ ಇಲ್ಲಿಗೆ ಬರ್ತಾರೆ ಅಂತ ನೀವು ನೋಡಿದ್ರಿ. ಇಲ್ಲಿಂದ ಎಷ್ಟು ಜನರ ಹತ್ರ ಬೇಗ ಹೋಗಬಹುದು ಅಂತ ನಾನು ನೋಡಿದೆ."

ಮಂಗಳವಾರ ಸಂಜೆ ಬಂಧನವಾಯಿತು. ಚಾಲಕರು ಸಾಲಾಗಿ ಎದ್ದು ನಿಂತರು. ಇನ್ಸ್‌ಪೆಕ್ಟರ್ ಬೇಡಿ ಹೊರತೆಗೆಯಲಿಲ್ಲ. ಜೀಪಿನ ಮುಂದಿನ ಸೀಟು ತೋರಿಸಿದ.

ಠಾಣೆಯ ಹೇಳಿಕೆಯಲ್ಲಿ ದೊಡ್ಡಣ್ಣ ಕಾರಣವನ್ನು ಹೀಗೆ ಬರೆಸಿದ: ಮೊದಲು ಶೆಡ್ಡು ಗೇಟಿನ ಆಚೆಯೇ ಇತ್ತು. ಆಗ ಅವನು ಚಾಲಕ. ಒಂದು ಮಧ್ಯಾಹ್ನ ಗೇಟು ಬಿದ್ದಿತ್ತು, ಗೂಡ್ಸ್ ರೈಲು ಮುಗಿಯುತ್ತಲೇ ಇರಲಿಲ್ಲ. ಹಿಂದೆ ಮಲಗಿದ್ದ ಬಸುರಿ, "ಆಸ್ಪತ್ರೆ ಬಂತಾ ಅಣ್ಣಾ?" ಎಂದು ಕೇಳುತ್ತಿದ್ದಳು. ಅವನು, "ಬಂತು ಕಣಮ್ಮ, ಇನ್ನೇನು ಬಂದೇಬಿಡ್ತು" ಎನ್ನುತ್ತಿದ್ದ. ಅವಳು ಕೇಳುವುದನ್ನು ನಿಲ್ಲಿಸಿದ ಮೇಲೆ ಗೇಟು ಎದ್ದಿತು.

ಇಂಜಿನಿಯರ್ ಮೇಲಿನ ಆರೋಪ ಬಿದ್ದುಹೋಯಿತು. ಶುಕ್ರವಾರ ಅವಳು ಬಾಸಿಗೆ ಹೊಸ ನಕ್ಷೆ ಕೊಟ್ಟಳು. ಅದರಲ್ಲಿ ಮೂಲೆ ಸೈಟು ಮತ್ತೆ ಮೊದಲನೆಯದೇ. ಆದರೆ 'ಖಾಲಿ' ಎಂದಿದ್ದಲ್ಲಿ ಅವಳು ಬೇರೆ ಮಾತು ಬರೆದಿದ್ದಳು: 'ಇಲ್ಲಿಂದ ಗಾಡಿಗಳು ಹೊರಡುತ್ತವೆ.'