ಎರಡು ಹಡಗುಗಳ ನಡುವೆ ತುಂಬಿದ ಉಡಿ

"ನೀವೇನಾ ಚನ್ನು?"

ಬಸ್ಸಿನ ಮೆಟ್ಟಿಲ ಮೇಲೆ, ಎರಡೂ ಕೈಯಲ್ಲಿ ಯಾರ್ಯಾರದೋ ಬ್ಯಾಗು ಹಿಡಿದು ನಿಂತಿದ್ದವನು ಅವಳನ್ನು ನೋಡಿದ. ನೋಡಿದವನು ನೋಡುತ್ತಲೇ ಉಳಿದ. ಹಿಂದಿದ್ದವರು "ಇಳೀರಪ್ಪಾ" ಎಂದು ಗೊಣಗಿದ ಮೇಲೆಯೇ ಕೆಳಗೆ ಕಾಲಿಟ್ಟಿದ್ದು.

"ಹೌದ್ರೀ. ನೀವು ಸಂಯುಕ್ತಾ ಮೇಡಂ ಅಲ್ರೀ? ಫೋನಿನ್ಯಾಗ ಇನ್ನೂ ಎತ್ತರ ಇದ್ದಂಗ ಅನಸ್ತಿತ್ತು."

ಮೊದಲ ಸಲ ಮುಖ ನೋಡಿದಾಗ ಆಡುವ ಮಾತಾ ಇದು... ಅವಳ ಮೈಯೆಲ್ಲ ಉರಿಯಿತು. ತಿಂಡಿ ಹೊತ್ತಿಗೆ ಬರಬೇಕಿದ್ದ ಬಸ್ಸು ಊಟದ ಹೊತ್ತಿಗೆ ಬಂದಿದೆ. ಮಾಡಿಸಿಟ್ಟ ಇಡ್ಲಿ ಕಲ್ಲಾಗಿದೆ. ಇವನು ನೋಡಿದರೆ ಎತ್ತರ ಅಳೆಯುತ್ತಿದ್ದಾನೆ.

"ನನ್ನ ಎತ್ತರ ಇರ್ಲಿ. ಫೋನ್ ಯಾಕೆ ಆಫ್ ಆಗಿತ್ತು?"

"ನಮ್ಮ ಗುಂಪಿನ ಶರಣವ್ವಾಯಿಗೆ ಮಗನ ಜೋಡಿ ಮಾತಾಡಾಕ ಕೊಟ್ಟಿದ್ನಿರೀ. ಆಕಿ ಹೊಸೂರ ತನಕಾ ಮಾತಾಡಿದ್ಲು. ಚಾರ್ಜ್ ಹೋತು."

ಸಿಟ್ಟು ಬಂದಿತ್ತು ನಿಜ. ಆದರೆ ಎದೆ ಹೊಡೆದುಕೊಳ್ಳುತ್ತಿದ್ದುದು ಸಿಟ್ಟಿನಿಂದಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಬ್ಬಿಗೆರೆಯ ಪಿಳ್ಳಪ್ಪನವರ ಮಗಳು ಸಂಯುಕ್ತಾ ಯಲಹಂಕದ ಒಂದು ಪ್ರವಾಸ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಕಚೇರಿಯ ಯಜಮಾನರು ವಿಜಯ್ ಕುಮಾರ್. ಈ ವರ್ಷ ಅವರ ತಲೆಯಲ್ಲಿ ಒಂದು ಹೊಸ ಯೋಜನೆ ಹುಟ್ಟಿತ್ತು. ಮೊದಲು ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪ. ವಾಪಸು ಬಂದು ಯಲಹಂಕದ ಛತ್ರದಲ್ಲಿ ಒಂದು ದಿನ ವಿಶ್ರಾಂತಿ. ಸಂಜೆ ಚೆನ್ನೈಗೆ ಬಸ್ಸು, ಅಲ್ಲಿಂದ ಹಡಗಿನಲ್ಲಿ ಅಂಡಮಾನ್. ಸಾಕು ಎನಿಸಿದವರು ಛತ್ರದಿಂದಲೇ ಮನೆಗೆ, ಹೊಸಬರು ಇಲ್ಲಿಂದಲೇ ಜೊತೆಗೆ. ವಿಶ್ರಾಂತಿ ಎಂದು ಬರೆದವರು ಯಜಮಾನರು. ಅದನ್ನು ನಿಭಾಯಿಸಬೇಕಾದವಳು ಇವಳು.

ಇಂಡಿ ಕಡೆಯ ಚನ್ನು ಕೊಚ್ಚಿಯಲ್ಲಿದ್ದುಕೊಂಡು ಗುಂಪುಗಳನ್ನು ದ್ವೀಪಕ್ಕೆ ಕರೆದೊಯ್ಯುವವನು. ಈ ಸಲ ಅಂಡಮಾನಿಗೂ ಜೊತೆಗೆ ಹೋಗಬೇಕಾದವನು ಅವನೇ. ದೀಪಾವಳಿಯಿಂದ ಇವರಿಬ್ಬರದು ದಿನಾ ಫೋನು. ಮೊದಮೊದಲು ಕ್ಯಾಬಿನ್ ಯಾರಿಗೆ, ಈರುಳ್ಳಿ ಇಲ್ಲದ ಊಟ ಯಾರಿಗೆ ಎಂಬ ಜಗಳ. ಬರುಬರುತ್ತಾ "ನಿಮ್ಮದು ಊಟ ಆಯ್ತಾ?" ಆಮೇಲಾಮೇಲೆ ಕೆಲಸದ ಮಾತು ಮುಗಿದರೂ ಇಬ್ಬರೂ ಫೋನು ಇಡುತ್ತಿರಲಿಲ್ಲ.

ಇವತ್ತು ಅವನು ಕೇಳದಿದ್ದರೆ ನಾನೇ ಕೇಳಿಬಿಡ್ತೀನಿ... ಎಂದು ನಿರ್ಧರಿಸಿ ಅವಳು ಹೊಸ ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಸಂಜೆ ಬಸ್ಸು ಹೊರಡುವವರೆಗೆ ಸಮಯ. ಪ್ರೀತಿಯ ಮಾತಾಡಲು ಇಷ್ಟು ಕೆಟ್ಟ ಜಾಗವನ್ನು ಯಾರೂ ಹುಡುಕಿರಲಾರರು.

ಛತ್ರದ ತುಂಬ ಒದ್ದೆ ಟವಲು, ಶಂಖದ ಚೀಲ, ಅರ್ಧ ತೆರೆದ ಸೂಟ್‌ಕೇಸು. ಲಕ್ಷದ್ವೀಪ ನೋಡಿ ಬಂದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಹೋದ ವಾರ ಇದೇ ಜನ ಕೆಳಗಿನ ಬರ್ತ್ ತನಗೇ ಬೇಕೆಂದು ಕಿತ್ತಾಡಿದ್ದರು.

"ಮೇಡಂ," ಎಂದರು ಆರ್.ಟಿ. ನಗರದಿಂದ ಹೊಸದಾಗಿ ಬಂದಿದ್ದ ಅಕ್ಬರ್ ಪಾಷಾ. "ಹಡಗಲ್ಲಿ ನಮಗೆ ಕಿಟಕಿ ಸೀಟೇ ಬೇಕು. ಮೊದ್ಲೇ ಹೇಳ್ಬಿಟ್ಟಿದ್ದೀನಿ."

"ಸರ್, ಅದು ಬಸ್ಸಲ್ಲ. ಹೊರಗೆ ಬಂದ್ರೆ ಸುತ್ತಲೂ ಸಮುದ್ರಾನೇ ಕಾಣತ್ತೆ."

"ಎಲ್ಲಾರೂ ಹಿಂಗೇ ಹೇಳ್ತಾರೆ. ಆಮೇಲೆ ಕಂಬದ ಪಕ್ಕ ಕೂರಿಸ್ತಾರೆ."

ಅವರ ಹೆಂಡತಿ ಸಬೀರಾ ಆಗಲೇ ಶರಣವ್ವನ ಪಕ್ಕ ಕೂತು ಗೆಳತಿಯಾಗಿದ್ದರು. ಶರಣವ್ವ ಲಕ್ಷದ್ವೀಪ ಮುಗಿಸಿ ಮಾಕಳಿಯಲ್ಲಿರುವ ಮಗನ ಮನೆಗೆ ಹೊರಟವರು. "ವಾಂತಿ ಬಂದಂಗ ಆದ್ರ ನಿಂಬಿಹಣ್ಣ ಮೂಸಕೋತ ಕುಂದರ್ರಿ," ಎಂದು ಸಬೀರಾರಿಗೆ ಪಾಠ ನಡೆದಿತ್ತು.

ಊಟ ಮುಗಿದ ಮೇಲೆ ಕೊನೆಗೂ ಚನ್ನು ಒಬ್ಬನೇ ಸಿಕ್ಕಿದ.

"ನಿಮ್ಮ ಹತ್ರ ಒಂದ್ ಮಾತಿತ್ತು..."

"ನಂದೂ ಒಂದ ಮಾತೈತ್ರಿ." ಅವನ ಕಿವಿ ಕೆಂಪಾಗಿತ್ತು. "ತಡೀರಿ, ಚಾ ತರ್ತೀನಿ. ಕುಂತ ಮಾತಾಡೂಣು."

ಚಹಾ ಯಾರಿಗೆ ಬೇಕಿತ್ತು ಮಾರಾಯರೇ? ಅಲ್ಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಚಹಾಕ್ಕೆ ಹೋದ. ಅಷ್ಟರಲ್ಲಿ ಚೆನ್ನೈ ಬಸ್ಸಿನ ಡ್ರೈವರ್ ಫೋನು ಬಂತು. ದಾರಿ ತಪ್ಪಿ ಹೆಸರಘಟ್ಟದ ಕೆರೆ ಹತ್ತಿರ ನಿಂತಿದ್ದಾನಂತೆ.

"ಅಲ್ಲಿಗ್ಯಾಕ್ರೀ ಹೋದ್ರಿ? ವಾಪಸ್ ತಿರುಗಿಸ್ಕೊಳ್ಳಿ... ಎಡಕ್ಕಲ್ಲ, ಬಲಕ್ಕೆ..."

"ಒಂದ ನಿಮಿಷ ಕುಂದರ ಯವ್ವಾ," ಎಂದು ಶರಣವ್ವ ಅವಳ ಭುಜ ಒತ್ತಿ ಸೂಟ್‌ಕೇಸಿನ ಮೇಲೆ ಕೂರಿಸಿದರು. "ವೇಲು ಒಡ್ಡು."

ಕಿವಿಗೆ ಫೋನು ಒತ್ತಿಕೊಂಡೇ ಅವಳು ವೇಲು ಒಡ್ಡಿದಳು. ಹಣೆಗೆ ಕುಂಕುಮ ಬಿತ್ತು. ಮಡಿಲಿಗೆ ಬೊಗಸೆ ಬೊಗಸೆಯಾಗಿ ಅಕ್ಕಿ, ಆಮೇಲೆ ತೆಂಗಿನಕಾಯಿ, ಎಲೆ ಅಡಿಕೆ, ಒಂದು ರವಿಕೆ ಖಣ. ಪಕ್ಕದಲ್ಲಿ, ತಾಯಿಯನ್ನು ಕರೆದೊಯ್ಯಲು ಬಂದಿದ್ದ ಶರಣವ್ವನ ಮಗ ಅಪ್ಪಾಸಾಹೇಬ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ತಟ್ಟೆ ಹಿಡಿದು ಭಕ್ತಿಯಿಂದ ನಿಂತಿದ್ದ.

ಹೋಗುವ ಮುಂಚೆ ಏನೋ ಪ್ರೀತಿಯಿಂದ ಕೊಡ್ತಿದ್ದಾರೆ... ಎಂದುಕೊಂಡು ಸಂಯುಕ್ತಾ ನಕ್ಕಳು. ಡ್ರೈವರಿಗೆ ದಾರಿ ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅದೇ ಗಳಿಗೆಗೆ ಚನ್ನು ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ಬಂದು ನಿಂತ. ಅಕ್ಕಿ ನೋಡಿದ. ಖಣ ನೋಡಿದ. ಬಿಳಿ ಶರ್ಟು ನೋಡಿದ. ಲೋಟಗಳನ್ನು ಕಿಟಕಿಯ ಮೇಲಿಟ್ಟ.

"ಅಭಿನಂದನೆಗಳ್ರಿ ಮೇಡಂ," ಎಂದ. ಅವಳು ಫೋನಿನ ನಡುವೆಯೇ "ಥ್ಯಾಂಕ್ಸ್" ಎಂದಳು. ಯಾತಕ್ಕೆ ಎಂದು ಕೇಳುವಷ್ಟರಲ್ಲಿ ಅವನು ಅಲ್ಲಿರಲಿಲ್ಲ.

ಆಮೇಲೆ ಅವನು ಅವಳ ಕೈಗೇ ಸಿಗಲಿಲ್ಲ. ಕರೆದರೆ "ಬ್ಯುಸಿ ಅದೀನ್ರಿ ಮೇಡಂ." ಆ 'ಮೇಡಂ' ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟುಹಿಡಿಯಿತು. ಇಷ್ಟು ದಿನ ಫೋನಿನಲ್ಲಿ ಅಷ್ಟೆಲ್ಲಾ ಹರಟಿದವನು ಇವನೇನಾ? ಎದುರಿಗೆ ನೋಡಿದ ಮೇಲೆ ನಾನು ಇಷ್ಟವಾಗಲಿಲ್ಲವಾ?

ಬಸ್ಸಿಗೆ ಸಾಮಾನು ಏರುತ್ತಿರುವಾಗ ವಿಜಯ್ ಕುಮಾರ್ ಫೋನು ಮಾಡಿದರು.

"ಸಂಯುಕ್ತಾ, ಚನ್ನುಗೆ ಏನಾಯ್ತಮ್ಮಾ? ಇನ್ಮೇಲೆ ಅಂಡಮಾನ್‌ನಲ್ಲೇ ಇದ್ದುಬಿಡ್ತೀನಿ, ಈ ಕಡೆ ಬರಲ್ಲ ಅಂತಾನೆ. ನನಗೂ ಅಲ್ಲಿಗೊಬ್ಬ ಬೇಕಿತ್ತು, ಆಯ್ತು ಅಂದೆ."

ಅವಳ ಕಾಲ ಕೆಳಗಿನ ನೆಲ ಜಾರಿದಂತಾಯಿತು. ಬರಲ್ಲವಾ? ಅಂದರೆ ಇವತ್ತು ನೋಡಿದ್ದೇ ಕೊನೆಯಾ? ಆದರೆ ಅತ್ತು ಕೂರುವ ಜಾಯಮಾನ ಅವಳದಲ್ಲ. ಅಕ್ಕಿಯ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಸೀದಾ ಬಸ್ಸಿನ ಹಿಂದಕ್ಕೆ ನಡೆದಳು.

"ನಿಮಗೆ ನಾನು ಇಷ್ಟ ಆಗ್ಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ದ್ವೀಪಕ್ಕೆ ಓಡಿಹೋಗೋ ಅವಶ್ಯಕತೆ ಏನಿತ್ತು?"

ಚನ್ನು ಸೂಟ್‌ಕೇಸು ಕೆಳಗಿಟ್ಟ. "ನಾ ಏನ್ ಹೇಳ್ಲಿ? ಲಗ್ನ ಗಟ್ಟಿ ಆದಾಕಿಗೆ ಏನ್ ಹೇಳೂದೈತಿ?"

"ಯಾರ ಲಗ್ನ?"

"ನಿಮ್ದು. ಆಯಿ ಉಡಿ ತುಂಬಿದ್ದು ನಾ ಕಣ್ಣಾರೆ ನೋಡೀನಿ. ಲಗ್ನ ಆಗದ ಹುಡುಗಿಗೆ ಯಾರರೆ ಸುಮ್ನ ಉಡಿ ತುಂಬ್ತಾರೇನ್ರಿ? ನಮ್ಮ ಕಡೆ ಹೆಣ್ಣ ಗಟ್ಟಿ ಮಾಡೂದು ಹಂಗ. ಗಂಡಿನ ತಾಯಿ ಬಂದು ಉಡಿ ತುಂಬ್ತಾಳ."

ಸಂಯುಕ್ತಾ ಕಂಕುಳಲ್ಲಿದ್ದ ಗಂಟನ್ನು ನೋಡಿದಳು. ಅವನನ್ನು ನೋಡಿದಳು.

"ಅಯ್ಯೋ ಕರ್ಮವೇ. ಟೂರ್ ಮುಗಿಸಿ ಹೋಗೋರು ಏನಾದ್ರೂ ಕೊಡ್ತಾನೇ ಇರ್ತಾರೆ ಕಣ್ರೀ. ಹೋದ ಸಲ ಒಬ್ಬರು ಉಪ್ಪಿನಕಾಯಿ ಕೊಟ್ಟಿದ್ರು. ಅವರ ಮನೆಗೂ ಸೊಸೆ ಆಗ್ಬಿಟ್ನಾ ನಾನು?"

"ಉಪ್ಪಿನಕಾಯಿ ಬ್ಯಾರೆ, ಉಡಿ ಬ್ಯಾರೆ ರೀ. ಆ ಅಪ್ಪಾಸಾಹೇಬ..."

"ನನಗ್ಯಾಕ ಎಳೀತಿ ಅಣ್ಣಾ?" ಹಿಂದಿನಿಂದ ಅಪ್ಪಾಸಾಹೇಬನ ದನಿ ಬಂತು. ತಾಯಿಯನ್ನು ಕಾರಿಗೆ ಹತ್ತಿಸಲು ಕರೆದುಕೊಂಡು ಬಂದವನು ಬೆವೆತುಹೋಗಿದ್ದ. "ನನಗ ಎರಡ ಮಕ್ಕಳದಾವ. ಹೆಂಡತಿ ತವರಮನಿಗೆ ಹೋಗ್ಯಾಳ. ಈ ಮಾತು ಆಕಿ ಕಿವಿಗೆ ಬಿದ್ರ ತಿರುಗಿ ಬರಂಗಿಲ್ಲ."

ಶರಣವ್ವ ಸೊಂಟಕ್ಕೆ ಕೈಯಿಟ್ಟು ಚನ್ನುವನ್ನು ಮೇಲಿಂದ ಕೆಳಗೆ ನೋಡಿದರು.

"ಲೇ ಮಬ್ಬ. ನಾ ತುಂಬಿದ್ದು ನಿನ್ನ ಸಲುವಾಗಿ. ಹಡಗಿನ್ಯಾಗ ದಿನಾ ನನ್ನ ಮುಂದ ಕುಂತು ಏನಂತಿದ್ದಿ? ಆಕಿ ಹಂಗ, ಆಕಿ ಹಿಂಗ. ಲಗ್ನ ಆದ್ರ ಆಕೀನ್ನ ಆಗಾಂವ, ಆದ್ರ ಉಡಿ ತುಂಬಾಕ ನನಗ ಅವ್ವ ಇಲ್ಲ ಅಂತ ಕಣ್ಣಾಗ ನೀರು ತಂದಿದ್ದಿ. ಅವ್ವ ಇಲ್ಲಂದ್ರ ಏನಾತು, ನಾ ಇಲ್ಲೇನು ಅಂತ ತುಂಬಿದ್ನಿ. ಆಕಿನ್ನ ಕೇಳೀಯಿಲ್ಲೋ?"

ಚನ್ನು ತಲೆ ತಗ್ಗಿಸಿದ. "ಕೇಳ್ಬೇಕಂತನ ಚಾ ತರಾಕ ಹೋಗಿದ್ನಿ."

ಕಿಟಕಿಯಿಂದ ಅಕ್ಬರ್ ಪಾಷಾ, ಸಬೀರಾ ಇಣುಕಿದರು.

ಸಂಯುಕ್ತಾಳ ಕಣ್ಣಲ್ಲಿ ನೀರು ತುಂಬಿತ್ತು. ಅದರ ಜೊತೆಗೇ ಸಿಟ್ಟು ನೆತ್ತಿಗೇರಿತ್ತು. "ಹಡಗಿನವರಿಗೆಲ್ಲ ಗೊತ್ತು. ಅಕ್ಕಿ ತುಂಬಿದ್ದೂ ಆಯ್ತು. ಮುನಿಸಿಕೊಂಡು ಊರು ಬಿಡೋದೂ ತೀರ್ಮಾನ ಆಯ್ತು. ಇಷ್ಟೆಲ್ಲದರ ಮಧ್ಯೆ ನನ್ನನ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?"

ಶರಣವ್ವನ ಮುಖ ಸಣ್ಣದಾಯಿತು. "ತಪ್ಪಾತವ್ವಾ. ಮುದುಕಿ ಅವಸರ ಮಾಡಿದ್ನಿ. ನಿನಗ ಬ್ಯಾಡಂದ್ರ ತಿರುಗಿ ಒಯ್ತೀನಿ, ಕೊಡು."

ಅವರು ಗಂಟಿಗೆ ಕೈ ಚಾಚಿದರು. ಸಂಯುಕ್ತಾ ಒಂದು ಹೆಜ್ಜೆ ಹಿಂದೆ ಸರಿದು ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಳು.

ಚನ್ನು ಅದನ್ನು ನೋಡಿದ. ಇಷ್ಟು ಹೊತ್ತಿಗೆ ಅವನ ತಲೆಗೆ ಒಂದಾದರೂ ವಿಷಯ ಸರಿಯಾಗಿ ಹೋಯಿತು.

"ಸಂಯುಕ್ತಾ," ಎಂದ. ಈ ಸಲ ಮೇಡಂ ಇರಲಿಲ್ಲ. "ಎಲ್ಲಾ ಉಲ್ಟಾ ಮಾಡೀನಿ. ಮೊದಲ ಕೇಳಬೇಕಿತ್ತು, ಕಡೀಕ ಕೇಳಾಕತ್ತೀನಿ. ನನ್ನ ಲಗ್ನ ಆಗ್ತೀರೇನು?"

"ಅಂಡಮಾನಲ್ಲಿ ಇರೋರನ್ನ ಹೆಂಗ್ರೀ ಆಗೋದು?" ಎನ್ನುತ್ತಲೇ ಅವಳು ಫೋನು ತೆಗೆದಳು. "ಹಲೋ, ಸಾರ್. ಅಂಡಮಾನ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಚನ್ನು ಈ ಗುಂಪನ್ನ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ, ಅಷ್ಟೇ... ಯಾಕೆ ಅಂದ್ರೆ, ಅಬ್ಬಿಗೆರೇಲಿ ನಮ್ಮಪ್ಪನ ಹತ್ರ ಅವರಿಗೆ ಕೆಲಸ ಇದೆ ಸಾರ್."

ಬಸ್ಸಿನೊಳಗೆ ಮೊದಲು ಚಪ್ಪಾಳೆ ತಟ್ಟಿದವರು ಸಬೀರಾ. ಶರಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಇಬ್ಬರ ಕೆನ್ನೆಯನ್ನೂ ಸವರಿ, ಮಗನ ಕಾರು ಹತ್ತಿದರು.

ಡ್ರೈವರ್ ಹಾರ್ನ್ ಹೊಡೆದ. ಚನ್ನು ಮಾತ್ರ ಹೊರಡಲಾರದೆ ಅಲ್ಲೇ ನಿಂತಿದ್ದ.

"ಈ ಅಕ್ಕೀನ ಈಗ ಏನ್ ಮಾಡ್ಬೇಕು?" ಅವಳು ಮೆಲ್ಲಗೆ ಕೇಳಿದಳು.

"ಮನ್ಯಾಗ ಅಡಗಿ ಮಾಡಿ ಉಣಬೇಕ್ರಿ."

"ಒಬ್ಬಳೇನಾ?"

ಅವನು ನಕ್ಕ. "ಬ್ಯಾಡ. ನಾ ಬರೂತನಕಾ ಇಡ್ರಿ."

"ಇಡ್ತೀನಿ," ಎಂದಳು ಸಂಯುಕ್ತಾ, ಗಂಟಿನ ಮೇಲೆ ಕೈಯಾಡಿಸುತ್ತಾ. "ಹುಳ ಹಿಡಿಯೋದ್ರೊಳಗೆ ಬಾ."