ಹಣೆಗೂದಲ ಗೆರೆ

ಚೆರಿ ಮರದ ಅಚ್ಚಿನ ಹಲಗೆಯಲ್ಲಿ ಹೆಣ್ಣಿನ ಕೈ, ಬೀಸಣಿಗೆ, ಕಿಮೋನೋದ ಅಂಚು ಎಲ್ಲವೂ ಇದ್ದವು. ಹಣೆ ಇರಬೇಕಾದಲ್ಲಿ ಮಾತ್ರ ಹೆಬ್ಬೆರಳಗಲದ ಚೌಕನೆಯ ಗುಳಿ.

"ಇನ್ನೊಂದು ಕೆತ್ತಿಸೋಣ ಅಂದ್ರೆ ಮೂಲಚಿತ್ರ ಎಲ್ಲಿದೆ? ಹಲಗೆಗೆ ಅಂಟಿಸಿ ಕೆತ್ತುವಾಗಲೇ ಅದು ಹೋಯ್ತು," ಎಂದ ಪ್ರಕಾಶಕ ಕನ್ಬೆ. "ಇದು ಅಚ್ಚು ಹಾಕೋ ಯಾಸುಬೆ ಕೆಲಸ. ನಿನ್ನೆ ಇದನ್ನ ಕೆತ್ತಿದ ದೆನ್‌ಜೊ ಅಜ್ಜನ ಮುಂದೆ ನಿಂತು, 'ಈ ಹಲಗೆ ಬೇರೆಯವರಿಗೆ ಕೊಟ್ಟುಬಿಡಿ' ಅಂತ ಕೂಗಾಡಿದ್ದು ಬೀದಿಗೆಲ್ಲ ಕೇಳಿದೆ. ಇನ್ನು ಎದೋ ಪಟ್ಟಣದ ಯಾವ ಅಚ್ಚಿನಮನೆಯೂ ಅವನನ್ನ ಸೇರಿಸಲ್ಲ, ನೋಡ್ತಾ ಇರಿ."

ಆ ಕೇರಿಯಲ್ಲಿ ಏನೇ ಕಳುವಾದರೂ, ಕೆಟ್ಟರೂ ಜನ ಸೆನ್‌ಗೊರೊನನ್ನು ಕರೆಯುತ್ತಿದ್ದರು. ಅವನು ಓಸುಗ ಎಂಬ ತನ್ನ ಹೆಂಡತಿಯನ್ನು ಬಿಟ್ಟು ಬರುತ್ತಿರಲಿಲ್ಲ. ಈಗಲೂ ಅವನು ಗುಳಿಯನ್ನು ಬೆರಳಿನಿಂದ ತಡವುತ್ತಿದ್ದಾಗ ಓಸುಗ ಜನರನ್ನು ನೋಡುತ್ತಿದ್ದಳು. ಯಾಸುಬೆ ಬಾಗಿಲ ಬಳಿ ಕೂತಿದ್ದ. ಅವನ ಕಿರುಬೆರಳ ತುದಿ ಮಾತ್ರ ಮಸಿಯಿಂದ ಕಪ್ಪಾಗಿತ್ತು. ಕೆತ್ತನೆಗಾರ ದೆನ್‌ಜೊ ಕೈಗಳನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡಿದ್ದ. ಅವನ ಮಣೆಯ ಮುಂದೆ ದೀಪದ ಬೆಳಕನ್ನು ಹಲಗೆಯ ಮೇಲೆ ಕೂಡಿಸುವ, ನೀರು ತುಂಬಿದ ಗಾಜುಬುಡ್ಡಿಗಳು ಎರಡಿದ್ದವು. ಉಳಿದ ಕೆತ್ತನೆಗಾರರಿಗೆಲ್ಲ ಒಂದೊಂದೇ.

ಓಸುಗ ಇದನ್ನು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಎಲ್ಲರನ್ನೂ ಹತ್ತಿರ ಕೂರಿಸಿದ.

"ಕನ್ಬೆಯವರೇ, ಸಿಟ್ಟಿಗೆದ್ದವನು ಉಳಿ ಹಿಡಿದರೆ ಅಡ್ಡಾದಿಡ್ಡಿ ಹೊಡೀತಾನೆ. ಇಲ್ಲಿ ಪಕ್ಕದ ಒಂದು ಗೆರೆಗೂ ಗಾಯವಾಗಿಲ್ಲ. ಗುಳಿಯ ಗೋಡೆ ಒಳಗೆ ಇಳಿಜಾರಾಗಿದೆ. ಯಾಕೆ ಹೇಳಿ?"

"ಹೊಸ ತುಂಡು ಬಿಗಿಯಾಗಿ ಕೂರಲಿ ಅಂತ," ಎಂದ ಕನ್ಬೆ. ಹೇಳಿದ ಮೇಲೆ ಅವನ ಮುಖ ಬದಲಾಯಿತು.

"ಹೌದು. ಇದು ಯಾರೋ ಹಾಳು ಮಾಡಿದ್ದಲ್ಲ, ಅರ್ಧಕ್ಕೆ ನಿಂತ ರಿಪೇರಿ. ಹಣೆಗೂದಲ ಗೆರೆ ತಪ್ಪಿದಾಗ ಕೆತ್ತಿದವನೇ ತೆಗೆದ ಗುಳಿ. ತುಂಡು ಕೂರಿಸೋದಕ್ಕೆ ಅಜ್ಜನ ಮಂಜಾದ ಕಣ್ಣು ಒಪ್ಪಲಿಲ್ಲ. ಎರಡನೇ ಬುಡ್ಡಿ ಬಂದದ್ದು ಅದಕ್ಕೇ. ಇನ್ನು ಯಾಸುಬೆ. ಅಚ್ಚು ಹಾಕೋನು ಮಸಿ ಬಳಿಯೋದು ಕುಂಚದಲ್ಲಿ. ಕಿರುಬೆರಳು ಯಾಕಪ್ಪ ಕಪ್ಪು?"

ಯಾಸುಬೆ ತಲೆ ಎತ್ತಲಿಲ್ಲ. "ಹಿಂದಿನ ಹಲಗೆಗಳಲ್ಲಿ ಕೂದಲ ಗೆರೆ ದಪ್ಪ ಬಂದಿತ್ತು. ಒಂದೊಂದು ಹಾಳೆಗೂ ಮೊದಲು ಅಲ್ಲಿನ ಮಸಿ ಕಿರುಬೆರಳಲ್ಲಿ ಒರೆಸ್ತಿದ್ದೆ, ತೆಳ್ಳಗೆ ಬೀಳಲಿ ಅಂತ. ಈ ಸಲದ ಚಿತ್ರ ಬಹಳ ಸಣ್ಣ ಗೆರೆಯದು. ಒರೆಸಿ ಮುಚ್ಚೋಕಾಗಲ್ಲ. ಅದಕ್ಕೇ ಬೇರೆಯವರಿಗೆ ಕೊಡಿ ಅಂದೆ."

"ಎಷ್ಟು ದಿನದಿಂದ ಒರೆಸ್ತಿದ್ದೀಯ?" ಎಂದ ದೆನ್‌ಜೊ.

"ಎರಡು ಚಳಿಗಾಲ ಆಯ್ತು, ಅಜ್ಜ."

ದೆನ್‌ಜೊ ಹಣೆ ಚಾಪೆಗೆ ತಾಗುವಂತೆ ಅವನಿಗೆ ಬಾಗಿದ. "ಬೆಳಿಗ್ಗೆ ಇವರು ನಿನ್ನ ಹೆಸರು ಎತ್ತಿದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ ಕಣಯ್ಯಾ."

"ಏಳಿ ಅಜ್ಜ, ಟೀ ಆರುತ್ತೆ," ಎಂದು ಯಾಸುಬೆ ಬಟ್ಟಲನ್ನು ಅವನ ಕೈಗೇ ತಗಲುವಂತೆ ಇಟ್ಟ.

ಮನೆಗೆ ಹೋಗುವ ದಾರಿಯಲ್ಲಿ ಓಸುಗ, "ಅಜ್ಜನಿಗೆ ಒಬ್ಬನಿಗೇ ಹೇಳಬಹುದಿತ್ತು," ಎಂದಳು.

"ಯಾಸುಬೆ ಮಾನ ಎಲ್ಲರ ಮುಂದೆ ಹೋಗಿತ್ತು. ಎಲ್ಲರ ಮುಂದೆಯೇ ವಾಪಸು ಬರಬೇಕಿತ್ತು," ಎಂದ ಸೆನ್‌ಗೊರೊ.

ಮನೆಯ ಗೋಡೆಯ ಮೇಲೆ ಕಳೆದ ವರ್ಷ ಕೊಂಡ ಅದೇ ಅಚ್ಚಿನಮನೆಯ, ಇನ್ನೊಬ್ಬ ಹೆಣ್ಣಿನ ಚಿತ್ರವಿತ್ತು. ಓಸುಗ ದೀಪ ಹಿಡಿದು ಆ ಹೆಣ್ಣಿನ ಹಣೆಗೂದಲನ್ನು ನೋಡಿದಳು. ಎಂದಿನಷ್ಟೇ ನವಿರಾಗಿತ್ತು. ಅದರಲ್ಲಿ ಉಳಿ ಮಾಡಿದ್ದೆಷ್ಟು, ಕಿರುಬೆರಳು ಮಾಡಿದ್ದೆಷ್ಟು ಎಂದು ಅವಳಿಗೆ ತಿಳಿಯಲಿಲ್ಲ.