ಅತ್ತೆಯಾಗಬೇಕಿದ್ದವಳ ರಕ್ತ

"ತೋಳು ಚಾಚಿ..."

ಸೂಜಿ ಹಿಡಿದವಳು ತಲೆಯೆತ್ತಿದಳು. ಸೂಜಿ ಅಲ್ಲೇ ತಡೆಯಿತು!

ಕುರ್ಚಿಯಲ್ಲಿದ್ದವಳು ಅವಳ ಮದುವೆ ಮುರಿದ ಹೆಂಗಸು. ಪಕ್ಕದಲ್ಲಿ ಮಗ... ಅವಳ ಕೈಹಿಡಿಯಬೇಕಿದ್ದವನು.

"ಇವಳ ಅಣ್ಣನಿಗೆ ಹುಚ್ಚು. ಅಂಥ ರಕ್ತ ನಮ್ಮನೆಗೆ ಬೇಡ!" ಎಂದಿದ್ದಳು ಆಕೆ, ನಾಲ್ಕು ಜನರ ಮುಂದೆ. ಮಗ ತುಟಿಪಿಟಕ್ಕೆನ್ನಲಿಲ್ಲ. ಅಣ್ಣ ಅಂದು ಕೋಣೆ ಸೇರಿದವನು ತಿಂಗಳುಗಟ್ಟಲೆ ಹೊರಬರಲಿಲ್ಲ. ಒಮ್ಮೆ ಆಕಾಶಕ್ಕೇರಿಸಿ, ಒಮ್ಮೆ ಪಾತಾಳಕ್ಕೆ ತಳ್ಳುವ ಆ ಬೈಪೋಲಾರ್ ಕಾಯಿಲೆಯ ಬೇರು ಹುಡುಕಲೆಂದೇ ಅವಳು ಈ ಪ್ರಯೋಗಾಲಯ ಸೇರಿದ್ದಳು.

ಈಗ ಅದೇ ಸಂಶೋಧನೆಗೆ, ಅದೇ ಕಾಯಿಲೆಯವಳಾಗಿ, ಆಕೆಯೇ ಬಂದಿದ್ದಾಳೆ!

"ಯಾವಾಗಿಂದ ಇದೆ?"

"ಇವನು ಹುಟ್ಟಿದಾಗಿಂದ..."

ಅಂದರೆ ಅವತ್ತೂ ಇತ್ತು! ಅವಳ ಮೈ ಉರಿಯಿತು.

"ನಿಮ್ಮ ರಕ್ತನ ಇಲ್ಲಿರೋ ನಮ್ಮಣ್ಣನ ರಕ್ತದ ಪಕ್ಕದಲ್ಲೇ ಇಡ್ತೀನಿ. ಯಾವುದು ಯಾರದ್ದು ಅಂತ ನೋಡಿ ಹೇಳಿ, ನೋಡೋಣ!"

ಆಕೆ ತಲೆ ತಗ್ಗಿಸಿದಳು. "ಒಂದು ಮಾತು ಹೇಳಮ್ಮ... ನನ್ನ ಮಗನಿಗೂ ಬರುತ್ತಾ?"

'ಬರುತ್ತೆ' ಅಂದುಬಿಡಲೇ? ಜನ್ಮವಿಡೀ ನಿದ್ದೆಗೆಡಲಿ! ನಾಲಿಗೆ ತುದಿಗೆ ಬಂದದ್ದನ್ನು ಅವಳು ಕಷ್ಟಪಟ್ಟು ನುಂಗಿದಳು.

"ಇದು ಒಂದೇ ಜೀನ್‌ನಿಂದ ಬರೋದಲ್ಲ. ನೂರಾರು ಸೇರಿ ಸ್ವಲ್ಪ ಸ್ವಲ್ಪ ಅಪಾಯ ಹೆಚ್ಚಿಸ್ತವೆ. ಬಂದೇ ಬರುತ್ತೆ ಅಂತ ಯಾರೂ ಹೇಳಕ್ಕಾಗಲ್ಲ."

ಆಕೆ ಬಿಕ್ಕಿದಳು.

ರಕ್ತ ತೆಗೆದುಕೊಂಡು ಹೊರಬಂದ ಅವಳನ್ನು ಮಗ ಬಾಗಿಲಾಚೆ ತಡೆದ. "ಎರಡೂ ಕಡೆ ಇದ್ರೆ ಮಕ್ಕಳ ಗತಿಯೇನು ಅಂತ ಅಮ್ಮ ಹೆದರಿದ್ಲು. ತನ್ನದು ಮುಚ್ಚಿಡೋಕೆ ನಿಮ್ಮಣ್ಣನ ಮೇಲೆ ಹಾಕಿದ್ಲು. ನಾನು ಹೇಡಿ..."

"ನಾನೇ ನಿನಗೆ ಅಸಹ್ಯ ಅಂದ್ಕೊಂಡಿದ್ದೆ!"

"ಇಲ್ಲ ಕಣೇ... ನಿನ್ನ ಬಿಟ್ಟು ಯಾರನ್ನೂ ಒಪ್ಪಲಿಲ್ಲ ನಾನು."

ಅವಳ ಮನಸ್ಸು ಕರಗಿತು. ಸಿಟ್ಟು ಕರಗಲಿಲ್ಲ.

"ಇದನ್ನ ಅಣ್ಣನ ಮುಂದೆ ಹೇಳು. ಎಲ್ಲರಿಗೂ ಕೇಳೋ ಹಾಗೆ!"

ಅಂದು ಸಂಜೆ ಅಣ್ಣನ ಸೈಕಲ್ ರಿಪೇರಿ ಅಂಗಡಿಯಲ್ಲಿ, ಗಿರಾಕಿಗಳೆದುರೇ ಅವನು ಕೈಮುಗಿದು ಎಲ್ಲವನ್ನೂ ಹೇಳಿದ.

ಅಣ್ಣ ಚಕ್ರದಿಂದ ಕೈ ತೆಗೆಯಲಿಲ್ಲ. "ನಿಮ್ಮಮ್ಮ ಮಾತ್ರೆ ತಗೋತಾರಾ?"

"ಹ್ಞೂಂ..."

"ತಪ್ಪಿಸಬೇಡಿ ಅನ್ನು. ಈಗ ಆ ಪಂಪ್ ಹಿಡ್ಕೋ. ಸುಮ್ನೆ ನಿಲ್ಲೋದ್ರಲ್ಲಿ ನೀನು ಗಟ್ಟಿಗ ಅಂತ ಗೊತ್ತು!"

ಗಿರಾಕಿಗಳು ಗೊಳ್ಳೆಂದರು. ಅವನು ನಾಚಿ ಕೆಂಪಾಗಿ ಗಾಳಿ ಹೊಡೆಯತೊಡಗಿದ. ಅವಳಿಗೆ ಹೊಟ್ಟೆ ತಣ್ಣಗಾಯಿತು!

"ಕ್ಷಮಿಸ್ತೀಯಾ?" ಏದುಸಿರಿನಲ್ಲೇ ಅವಳನ್ನು ಕೇಳಿದ.

"ಇಲ್ಲ. ದಿನಾ ಕಾಡ್ತೀನಿ."

"ಮದುವೆಯಾಗಿ ಕಾಡು... ಆದ್ರೆ, ಮಕ್ಕಳಿಗೆ ಬಂದ್ರೆ?"

"ಬಂದ್ರೆ ಬಚ್ಚಿಡಲ್ಲ. ಅದೊಂದೇ ನನ್ನ ಷರತ್ತು."

"ಒಪ್ಪಿದೆ..." ಅಂದವನ ಕಣ್ಣು ತುಂಬಿತ್ತು.

"ಜೋರಾಗಿ ಹೇಳು!"

"ಒಪ್ಪಿದೆ!" ಬೀದಿಗೆಲ್ಲ ಕೇಳಿಸಿತು.